ಗೋರೆಗಾಂವ್‌ನಲ್ಲಿ ನೀರು ನಿಂತ ಬೆಳಗ್ಗೆ

ಇಪ್ಪತ್ತೆಂಟು ವರ್ಷ ಮೈಸೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿದವಳು ನಾನು. ಕನಸು ನಿಜವಾಯಿತು, ಹಲ್ಲಿ ನುಡಿಯಿತು ಎಂದು ಯಾರಾದರೂ ಹೇಳಿದರೆ, ಮುಖಕ್ಕೆ ಹೊಡೆದ ಹಾಗೆ "ಕಾರಣ ಹುಡುಕಿ, ಸಿಗುತ್ತೆ" ಎನ್ನುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಇಂಥ ಕಥೆ ನಡೆಯುತ್ತಿದ್ದರೆ ನನ್ನನ್ನು ಕಂಡೊಡನೆ ಮಾತು ಬದಲಾಗುತ್ತಿತ್ತು. ಹಾಗಾಗಿ ಈಗ ಬರೆಯುತ್ತಿರುವುದನ್ನು ಎಷ್ಟೋ ವರ್ಷ ಯಾರಿಗೂ ಪೂರ್ತಿಯಾಗಿ ಹೇಳಲಿಲ್ಲ. ನಗುವವರು ನಗಲಿ, ನಾನೂ ಬೇಕಾದಷ್ಟು ಜನರನ್ನು ನೋಡಿ ನಕ್ಕವಳೇ.

ಎಂಬತ್ತರ ದಶಕದ ಕೊನೆಯ ಒಂದು ದೀಪಾವಳಿ ರಜೆ. ನಾನು, ನನ್ನ ಯಜಮಾನರು, ಹದಿನಾಲ್ಕು ವರ್ಷದ ಮಗಳು ವೀಣಾ ಬೊಂಬಾಯಿ ನೋಡಲು ಹೋಗಿದ್ದೆವು. ಗ್ರಾಂಟ್ ರೋಡಿನ ಲಾಡ್ಜುಗಳ ಗಲಾಟೆ ಬೇಡವೆಂದು ಗೋರೆಗಾಂವ್‌ನಲ್ಲಿ ಒಂದು ಫ್ಲ್ಯಾಟು ಹಿಡಿದೆವು. ಉಡುಪಿ ಕಡೆಯ ಗಿರಿಜಕ್ಕ ಎಂಬುವರು ರಜೆಗೆ ಬರುವವರಿಗೆ ಅದನ್ನು ವಾರಕ್ಕೆಂದು ಬಾಡಿಗೆಗೆ ಕೊಡುತ್ತಿದ್ದರು. ಅವರ ವಾಸ ಪಕ್ಕದ ಫ್ಲ್ಯಾಟಿನಲ್ಲೇ.

ಬಚ್ಚಲಿನ ಗೋಡೆಯ ಮೇಲೆ ಗ್ಯಾಸ್ ಗೀಸರ್ ಇತ್ತು. ನಲ್ಲಿ ತಿರುಗಿಸಿದರೆ ತಾನೇ ಉರಿ ಹತ್ತುತ್ತಿತ್ತು, ನೀರು ನಿಂತರೆ ಉರಿಯೂ ಆರುತ್ತಿತ್ತು. ಹಂಡೆಯ ಒಲೆಗೆ ಸೌದೆ ತುರುಕಿ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಬೆಳೆದ ನನಗೆ ಅದು ಸ್ವರ್ಗ. ಬೀಗದ ಕೈ ಕೊಡುವಾಗ ಗಿರಿಜಕ್ಕ, "ಸ್ನಾನ ಮಾತ್ರ ಬೇಗ ಮುಗಿಸಿ ಆಯ್ತಾ. ಇಲ್ಲಿ ಎಲ್ಲ ಲೋಕಲ್ ಹಿಡಿಯುವವರು, ಐದು ನಿಮಿಷದಲ್ಲಿ ಹೊರಗೆ ಬರ್ತಾರೆ" ಎಂದಿದ್ದರು. ಗ್ಯಾಸಿಗೆ ಜಿಪುಣತನ ಮಾಡುತ್ತಿದ್ದಾರೆ ಅಂದುಕೊಂಡೆ.

ಬಚ್ಚಲಿಗೆ ಕಿಟಕಿಯಿರಲಿಲ್ಲ. ಮೇಲೆ ಒಂದು ಗವಾಕ್ಷಿ ಇತ್ತು, ಅಷ್ಟೆ. ಅದರ ಆಚೆಗೆ ಕೈಗೆಟುಕುವಷ್ಟು ದೂರದಲ್ಲಿ ಬೇರೆ ಮನೆಯ ಅಡುಗೆಮನೆ. ನಾಚಿಕೆಯ ವಯಸ್ಸಿನ ವೀಣಾ ಅಲ್ಲಿ ಸ್ನಾನ ಮಾಡುವುದಿಲ್ಲವೆಂದು ಹಟ ಹಿಡಿದಳು. ಪಾರಿವಾಳಗಳ ಪುಕ್ಕ ಬೇರೆ ಒಳಗೆ ಉದುರುತ್ತಿತ್ತು. ನಾನೇ ಸ್ಟೂಲು ಹತ್ತಿ, ಹಳೇ ಪೇಪರು ಮತ್ತು ಒಂದು ಹರಕು ಸೀರೆಯಿಂದ ಗವಾಕ್ಷಿಯನ್ನು ಬಿಗಿಯಾಗಿ ಮುಚ್ಚಿದೆ. ಪ್ರತಿ ವರ್ಷ ಒಂಬತ್ತನೇ ತರಗತಿಗೆ, ಗಾಳಿ ಸಾಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದ ಕೈ ಇದೇ. ಹೇಳೋದು ಶಾಸ್ತ್ರ, ಹಾಕೋದು ಗಾಳ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಮರುದಿನ ನರಕ ಚತುರ್ದಶಿ. ಊರು ಬಿಟ್ಟರೂ ಎಣ್ಣೆ ಸ್ನಾನ ಬಿಡುವವರಲ್ಲ ನಾವು. ಸೂರ್ಯ ಹುಟ್ಟುವ ಮೊದಲೇ ವೀಣಾಳ ತಲೆಗೆ ಹರಳೆಣ್ಣೆ ತಟ್ಟಿ ಬಚ್ಚಲಿಗೆ ಕಳಿಸಿದೆ. ಅವಳ ಎಣ್ಣೆ ಸ್ನಾನವೆಂದರೆ ಮುಕ್ಕಾಲು ಗಂಟೆ. ಸೊಂಟದವರೆಗೆ ಕೂದಲು, ಅದಕ್ಕೆ ಎರಡು ಸಲ ಸೀಗೇಪುಡಿ.

ನಾನು ಅಡುಗೆಮನೆಯಲ್ಲಿ ಕಾಫಿಗೆ ನೀರು ಹಿಡಿಯುತ್ತಿದ್ದೆ. ನಲ್ಲಿ ಎರಡು ಸಲ ಕೆಮ್ಮಿ ನಿಂತೇ ಹೋಯಿತು. ಬಚ್ಚಲಿನ ಸದ್ದೂ ನಿಂತಿತು. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಎಂದು ಗೊಣಗುತ್ತಾ ಮಗಳ ಕೂಗಿಗೆ ಕಾದೆ. ತಲೆ ತುಂಬ ಸೀಗೇಪುಡಿ ಹಾಕಿಕೊಂಡವಳು ನೀರು ನಿಂತರೆ ಮನೆ ಹಾರುವ ಹಾಗೆ ಕೂಗಬೇಕು. ಕೂಗಲಿಲ್ಲ.

"ವೀಣಾ, ನೀರು ನಿಂತಿತೇನೇ?" ಎಂದೆ. ಉತ್ತರವಿಲ್ಲ. ಬಾಗಿಲು ಬಡಿದೆ. ಯಜಮಾನರನ್ನು ಕೂಗಿದೆ. ಅವರು ಓಡಿ ಬಂದು ಭುಜ ಕೊಟ್ಟು ಚಿಲಕ ಮುರಿದರು. ವೀಣಾ ಮೈಗಂಟಿದ ಪೆಟಿಕೋಟಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಅರ್ಧ ತೆರೆದಿತ್ತು, ಕೆನ್ನೆ ಕೆಂಪಗಿತ್ತು. ಮುಟ್ಟಿದರೆ ತಲೆ ವಾಲಿತು. ಇಬ್ಬರೂ ಎಳೆದು ಗ್ಯಾಲರಿಗೆ ತಂದೆವು. ನನ್ನ ಕೂಗಿಗೆ ಗಿರಿಜಕ್ಕ ಬಂದವರೇ, "ಅಯ್ಯೋ, ಗಾಳಿ ಬಿಡಿ, ಮಗುವಿಗೆ ಗಾಳಿ ಬಿಡಿ!" ಎಂದು ಎಲ್ಲ ಕಿಟಕಿ ತೆಗೆದರು. ಅವಳು ಹೋದಳೆಂದೇ ನಾನು ಆ ಕ್ಷಣ ತಿಳಿದಿದ್ದೆ. ಕೊಂದವಳು ನಾನು ಎಂದೂ ತಿಳಿದಿದ್ದೆ.

ಆಗ ಅವಳು ಕೆಮ್ಮಿದಳು. ಅದೇ ಹೊತ್ತಿಗೆ ಅಡುಗೆಮನೆಯ ನಲ್ಲಿ ಜೋರಾಗಿ ಸುರಿಯತೊಡಗಿತು. ಬಚ್ಚಲಿನಲ್ಲಿ ಗೀಸರು ಭಗ್ಗೆಂದು ಹತ್ತಿಕೊಂಡಿತು. ಯಜಮಾನರು ಉಸಿರು ಬಿಗಿಹಿಡಿದು ಹೋಗಿ ಆರಿಸಿ ಬಂದರು.

ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಆಕ್ಸಿಜನ್ ಕೊಟ್ಟರು. ಉರಿ ಇನ್ನೊಂದೈದು ನಿಮಿಷ ಉರಿದಿದ್ದರೆ ನಿಮ್ಮ ಮಗಳು ಸಿಗುತ್ತಿರಲಿಲ್ಲ ಎಂದರು ಡಾಕ್ಟರು. ಸಂಜೆ ಹೊತ್ತಿಗೆ ಅವಳು ಸೇವ್‌ಪುರಿ ಬೇಕೆಂದು ಜಗಳಕ್ಕೆ ನಿಂತಳು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಯಾರ ಹತ್ತಿರವೂ ಜಗಳ ಆಡಿಲ್ಲ.

ಆಮೇಲೆ ನನ್ನ ಹಳೇ ಚಾಳಿ ಎದ್ದಿತು, ಕಾರಣ ಹುಡುಕಲು ಹೊರಟೆ. ಗಿರಿಜಕ್ಕ, "ನೀರು ಎಲ್ಲಿ ನಿಂತಿದೆ ಮಾರಾಯ್ರೇ? ನಮ್ಮಲ್ಲಿ ಬರ್ತಾ ಇತ್ತಲ್ಲ!" ಎಂದರು. ಮೇಲಿನ ಮನೆಯವರೂ ಅದನ್ನೇ ಹೇಳಿದರು. ಟ್ಯಾಂಕ್ ತುಂಬಿತ್ತು. ವಾಲ್ವ್ ಮುಟ್ಟಿಲ್ಲವೆಂದು ವಾಚ್‌ಮನ್ ಆಣೆ ಮಾಡಿದ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬೇಕೆಂದರು ಯಜಮಾನರು. ಪ್ಲಂಬರ್ ಎಲ್ಲ ಬಿಚ್ಚಿ ನೋಡಿ, "ಲೈನ್ ಏಕ್‌ದಮ್ ಸಾಫ್ ಹೈ ಮೇಡಂ" ಎಂದ, ಪೈಪಿನಲ್ಲಿ ಎಲ್ಲೂ ಏನೂ ಕಟ್ಟಿಕೊಂಡಿರಲಿಲ್ಲವಂತೆ. ಅಡುಗೆಮನೆಗೂ ಬಚ್ಚಲಿಗೂ ಟ್ಯಾಂಕಿನಿಂದಲೇ ಬೇರೆ ಬೇರೆ ಪೈಪು, ಎರಡೂ ಒಟ್ಟಿಗೆ ನಿಲ್ಲುವುದು, ಒಟ್ಟಿಗೆ ಬರುವುದು ಅವನು ಕಂಡಿರಲಿಲ್ಲ.

ನಾನೂ ಕಂಡಿಲ್ಲ. ದೇವರು ಅನ್ನಲು ನಾಲಗೆ ಏಳುವುದಿಲ್ಲ, ಕಾಕತಾಳೀಯ ಅನ್ನಲು ಮನಸ್ಸು ಒಪ್ಪುವುದಿಲ್ಲ. ಆ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಗವಾಕ್ಷಿಯ ಕಥೆ ಹೇಳುತ್ತಿದ್ದೆ, ನಿಂತ ನೀರಿನ ಮಾತು ಎತ್ತುತ್ತಿರಲಿಲ್ಲ. ಈಗ ಯಾವ ಊರಿನಲ್ಲಿ ರಜೆಗೆ ಮನೆ ಹಿಡಿದರೂ, ವಿಷಗಾಳಿ ಸುಳಿದರೆ ಕೂಗುವ ಅಂಗೈಯಗಲದ ಒಂದು ಡಬ್ಬಿ ನನ್ನ ಚೀಲದಲ್ಲಿರುತ್ತದೆ. ಬೀಗ ತೆಗೆದ ಕೂಡಲೇ ಮೊದಲು ಅದನ್ನು ಇಡುತ್ತೇನೆ, ಆಮೇಲೆ ಚಪ್ಪಲಿ ಬಿಡುತ್ತೇನೆ. ಅದು ಯಾಕೆ ಕೂಗುತ್ತದೆ ಎಂದು ಕೇಳಿದರೆ ವಿವರಿಸಬಲ್ಲೆ.

ಆದರೂ ವೀಣಾ ಎಣ್ಣೆ ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳುತ್ತೇನೆ. ಅವಳಿಗೀಗ ಐವತ್ತು ಸಮೀಪಿಸಿದೆ, ಕೂದಲು ನೆರೆತಿದೆ. ನಾನು ಉಸಿರೆತ್ತದಿದ್ದರೂ ಅವಳಿಗೆ ಹೇಗೋ ತಿಳಿಯುತ್ತದೆ, ಒಳಗಿನಿಂದ ಕೂಗುತ್ತಾಳೆ: "ಬದುಕಿದ್ದೀನಮ್ಮಾ, ಹೋಗಿ ಕಾಫಿ ಕುಡಿ!"