ಸುಮಿಯೆ ಅವರ ಎಡಗಣ್ಣು

ಬೆಳಗಿನ ಐದೂವರೆ. ಒಸಾಕಾದ ನಮ್ಮ ಬೀದಿಯಲ್ಲಿ ಇನ್ನೂ ಯಾರೂ ಅಂಗಡಿ ತೆರೆದಿಲ್ಲ. ಎಪ್ಪತ್ತೆರಡರ ಟೊಕುನಾಗ ಸುಮಿಯೆ ಮಾತ್ರ ತಾರಸಿಯಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ, ಹಳೆಯ ಕ್ಯಾಮೆರಾವೊಂದನ್ನು ಕಣ್ಣಿಗೊತ್ತಿಕೊಂಡು ನಿಂತಿದ್ದಾರೆ. ದೂರದ ಇಕೊಮಾ ಬೆಟ್ಟದ ಟಿವಿ ಗೋಪುರಗಳು ಈ ಹೊತ್ತಿಗೆ ಕಪ್ಪಗೆ, ಸ್ಪಷ್ಟವಾಗಿ ಕಾಣುತ್ತವೆ. ಬಿಸಿಲೇರಿದರೆ ಗಾಳಿ ನಡುಗಿ ಕೆಲಸ ಕೆಡುತ್ತದೆ.

ಈ ಕ್ಯಾಮೆರಾಕ್ಕೆ ಬ್ಯಾಟರಿಯಿಲ್ಲ. ಪುಟ್ಟ ಕಿಂಡಿಯಲ್ಲಿ ಒಂದು ಗೋಪುರ ಎರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸಿದರೆ ಎರಡೂ ಕೂಡಿಕೊಳ್ಳಬೇಕು, ಆಗಲೇ ಚಿತ್ರ ಸ್ಪಷ್ಟ. ಕೂಡದಿದ್ದರೆ ಸುಮಿಯೆ ಒಳಗಿನ ತಿರುಪನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಕ್ಯಾಮೆರಾ ಕಾರ್ಖಾನೆಯಲ್ಲಿ ಕಲಿತ ವಿದ್ಯೆ. ಅದು ಮುಚ್ಚಿದ ಮೇಲೆ ಮನೆಯಲ್ಲೇ ರಿಪೇರಿ, ಕಣ್ಣು ಕೆಡುವವರೆಗೂ ವಾರಕ್ಕೆ ನಾಲ್ಕೈದು.

"ಬಲಗಣ್ಣು ಹೋಯ್ತು, ಡಾಕ್ಟ್ರೂ ಕೈಚೆಲ್ಲಿದ್ರು. ಅವತ್ತಿಂದ ಎಡಗಣ್ಣಿಗೆ ಅಭ್ಯಾಸ ಮಾಡಿಸ್ತಾ ಇದೀನಿ. ಎಡಗಣ್ಣಲ್ಲಿ ಮಾಡ್ತಿರೋ ಮೊದಲನೇ ಕ್ಯಾಮೆರಾ ಇದು. ಫಿಲ್ಮು ಮಸುಕಾಗಿ ಬಂದ್ರೆ ಇವತ್ತಿಗೇ ಕೆಲಸ ಬಿಟ್ಟೆ" ಎನ್ನುತ್ತಾರೆ. ನೆರೆಮನೆಯ ನಾನು ಅಡ್ಡ ಬಂದ ಬಟ್ಟೆಯನ್ನು ಸರಿಸಿ ಹಿಡಿಯುತ್ತೇನೆ.

ಕ್ಯಾಮೆರಾ ಕೆಳಗೆ ಒಕೊನೊಮಿಯಾಕಿ, ಅಂದರೆ ಎಲೆಕೋಸಿನ ದಪ್ಪ ದೋಸೆ, ಮಾರುವ ಅಂಗಡಿಯ ಓಗಿನೊನದು. ಅಂಗಡಿ ತೆರೆದ ಮೇಲೆ ಕೆಳಗಿಳಿದು, ಇಷ್ಟು ರಗಳೆಯ ಯಂತ್ರ ಯಾಕಯ್ಯಾ ಎಂದು ಅವನನ್ನು ಕೇಳುತ್ತೇನೆ. "ಫೋನು ಎಲ್ಲಾನೂ ತಾನೇ ಮಾಡ್ಬಿಡುತ್ತೆ. ಇದು ನಾನು ನೋಡಿ ಕೂಡಿಸೋವರೆಗೂ ಕಾಯುತ್ತೆ. ಸದ್ದೂ ಕಮ್ಮಿ, ಫೋಟೋ ತೆಗೆದ್ರೂ ತಿನ್ನೋರು ತಲೆ ಎತ್ತಲ್ಲ."

ಕಾವಲಿ ಮುಂದೆ ಅವನನ್ನೇ ನಿಲ್ಲಿಸಿ ಸುಮಿಯೆ ಹನ್ನೆರಡು ಚಿತ್ರ ತೆಗೆಯುತ್ತಾರೆ. ಮನೆ ಹಿಂದಿನ ಕತ್ತಲೆ ಕೋಣೆಯಲ್ಲಿ ತೊಳೆದು ತಂದ ಫಿಲ್ಮು ಪೂರ್ತಿ ಖಾಲಿ! ಸುಮಿಯೆ ಅವರ ಮುಖ ಬಿಳಿಚಿಕೊಳ್ಳುತ್ತದೆ. ಓಗಿನೊ ಕ್ಯಾಮೆರಾ ಎತ್ತಿ ನೋಡಿ ಬಿದ್ದುಬಿದ್ದು ನಗುತ್ತಾನೆ. ಲೆನ್ಸಿನ ಮುಚ್ಚಳ ತೆಗೆದೇ ಇಲ್ಲ. ನೋಡುವ ಕಿಂಡಿ ಬೇರೆಯೇ ಇರುವುದರಿಂದ ಮುಚ್ಚಳವಿದ್ದರೂ ಎಲ್ಲ ಚೆನ್ನಾಗಿ ಕಾಣುತ್ತದೆ.

"ಅಕ್ಕಾ, ಇದೇ ಮುಚ್ಚಳಕ್ಕೆ ನನಗೆಷ್ಟು ಸಲ ಬೈದಿದೀರಾ!"

"ಬಾಯ್ಮುಚ್ಕೊಂಡು ನಿಂತ್ಕೊ. ಇನ್ನೊಂದು ರೋಲು."

ಮುಚ್ಚಳ ಈಗ ಅವರ ಜೇಬಿನಲ್ಲಿದೆ. ಎರಡನೇ ಫಿಲ್ಮು ಒಣಗುತ್ತಲೇ ಭೂತಗನ್ನಡಿಯನ್ನು ನನ್ನ ಕೈಗಿಡುತ್ತಾರೆ. "ನೀವೇ ನೋಡಿ. ನಂಗೆ ಧೈರ್ಯ ಇಲ್ಲ."

ನೋಡುತ್ತೇನೆ. ಓಗಿನೊನ ಕಣ್ಣಿನ ರೆಪ್ಪೆಗೂದಲು ಎಣಿಸಬಹುದು. ಒಂದಕ್ಕೆ ಹಿಟ್ಟಿನ ಕಣ ಅಂಟಿಕೊಂಡಿದೆ.

ಹೇಳಿದೊಡನೆ ಸುಮಿಯೆ ಬೆನ್ನು ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಕಪಾಟಿನಿಂದ ಮುಂದಿನ ಕ್ಯಾಮೆರಾ ಇಳಿಸುತ್ತಾ ಅನ್ನುತ್ತಾರೆ:

"ಬಲಗಣ್ಣಿಗೆ ಈ ಕೆಲಸ ಕಲಿಯೋಕೆ ನಾಲ್ಕು ವರ್ಷ ಬೇಕಾಯ್ತು. ಎಡಗಣ್ಣು ಆರೇ ತಿಂಗಳಲ್ಲಿ ಕಲೀತು ನೋಡಿ."