ಚಪ್ಪಾಳೆಗೆ ಬಾಗಿದ ರುಕ್ಕಮ್ಮ

ಯಾರಾದರೂ ಹೊಗಳಿದರೆ ರುಕ್ಕಮ್ಮ ಹಿಂದೆ ತಿರುಗಿ ನೋಡುತ್ತಿದ್ದಳು, ಆ ಮಾತು ಬೇರೆ ಯಾರಿಗೋ ಎಂಬಂತೆ. ದೇವದುರ್ಗದಲ್ಲಿ ಹುಟ್ಟಿ ಎರಡು ಸಿನಿಮಾಗಳಲ್ಲಿ ನಾಯಕಿಯಾದವಳು. ಎರಡರಲ್ಲೂ ಗಂಡನ ಕಾಲ ಬಳಿ ಸಾಯುತ್ತಾಳೆ. "ನನ್ನಂಥಾಕಿಗೆ ಅಷ್ಟರ ಸಿಕ್ತಲ್ಲ ಬೇ" ಎಂದು ನಗುತ್ತಿದ್ದಳು.

ರಾಯಚೂರಿನ ಟಾಕೀಸಿನಲ್ಲಿ ನಾನು ಜನಾನಾ ಕಾಯುತ್ತಿದ್ದೆ. ಹೆಂಗಸರು ಕೂಡುವ ಆ ಭಾಗಕ್ಕೆ ಪರದೆ ಇತ್ತು. ಕತ್ತಲಾದ ಮೇಲೆ ಸರಿಸಬೇಕು, ದೀಪ ಹತ್ತುವ ಮೊದಲು ಎಳೆಯಬೇಕು.

ರುಕ್ಕಮ್ಮ ನನ್ನ ನೆರೆಮನೆಯವಳು. ಮಾನವಿಯ ಅಕ್ಕಿ ಗಿರಣಿಯ ಸಾಹುಕಾರನೊಬ್ಬ ಆಕೆಗೆ ಆ ಮನೆ ಬಾಡಿಗೆಗೆ ಹಿಡಿದುಕೊಟ್ಟಿದ್ದ. "ಬರೋ ಯುಗಾದಿಗೆ ತಾಳಿ ಕಟ್ಟಿ ಮಾನವಿಗೆ ಕರಕೊಂಡು ಹೋಗ್ತೀನಿ" ಎಂದು ಐದು ಯುಗಾದಿ ಹೇಳಿದ. ಆಮೇಲೆ ಕಲ್ಮಲದ ಹುಡುಗಿಯನ್ನು ಮದುವೆಯಾದ. "ನಂದ ಏನರ ತಪ್ಪಿರಬೇಕು" ಎಂದಳು ರುಕ್ಕಮ್ಮ. ಸಿಟ್ಟು ಬಂದದ್ದು ನನಗೆ.

ಆಕೆಯ ಸಿನಿಮಾ ನಮ್ಮ ಟಾಕೀಸಿಗೆ ಮತ್ತೆ ಬಂತು. ಹೆಂಡತಿ, ಮಾವನೊಂದಿಗೆ ಸಾಹುಕಾರ ಬರುವುದು ತಿಳಿಯಿತು. "ನಡೀ. ಇಂಟರ್‌ವಲ್‌ದಾಗ ಪರದಿ ಎಳಿಯಂಗಿಲ್ಲ ನಾ. ಎಲ್ಲಾರ ಮುಂದ ಕೇಳು, ಆತನ ಮುಖ ಕಪ್ಪಾಗಲಿ" ಎಂದು ರುಕ್ಕಮ್ಮನಿಗೆ ಹೇಳಿದೆ.

ದೀಪ ಹತ್ತಿತು. ಗಂಡಸರೆಲ್ಲ ತಿರುಗಿದರು. ಹೆಂಗಸರು ಗಾಬರಿಯಿಂದ ಸೆರಗು ಎಳೆದುಕೊಂಡರು. ರುಕ್ಕಮ್ಮ ಎದ್ದು ನಿಂತಳು.

"ಸಾಹುಕಾರ್ರ, ಮಾನವಿಗೆ ಕರಕೊಂಡು ಹೋಗ್ತೀನಂದಿದ್ರಿ. ಬಂದು ನಿಂತೀನಿ, ಕರೀರಿ."

"ಯಾರ್ರೀ ಈಕಿ?" ಮಾವ ಕೇಳಿದ.

ಸಾಹುಕಾರ ಕುರ್ಚಿಯಿಂದ ಏಳಲೂ ಇಲ್ಲ. "ಇದ ಸಿನಿಮಾದಾಕಿ, ಮಾವಾರ. ಟಾಕೀಸಿನವರು ನಾಟಕ ಆಡಸಾಕತ್ತಾರ."

"ಒನ್ಸ್ ಮೋರ್!" ಯಾರೋ ಕೂಗಿದರು. ಚಪ್ಪಾಳೆ ಬಿತ್ತು. ಕಲ್ಮಲದ ಹುಡುಗಿಯೂ ತಟ್ಟಿದಳು. ರುಕ್ಕಮ್ಮ ಎರಡೂ ಕೈ ಮುಗಿದು ಬಾಗಿದಳು. ನಾನು ಕಣ್ಣಾರೆ ಕಂಡೆ. ಅಷ್ಟು ಜನ ಕೊಟ್ಟದ್ದನ್ನು ಬೇಡ ಅನ್ನುವ ಶಕ್ತಿ ಆಕೆಗಿರಲಿಲ್ಲ. ಪರದೆ ಯಾಕೆ ಎಳೆಯಲಿಲ್ಲವೆಂದು ಕೇಳಿದ ಮಾಲೀಕರಿಗೆ, ಹಗ್ಗ ತೊಡಕಿತ್ತು ಎಂದೆ.

ಮರುದಿನ ದೇವದುರ್ಗದ ಬಸ್ಸು ಹತ್ತುವಾಗ ಆಕೆ, "ಆತನ ಹೆಂಡ್ತಿಗೆ ಏನೂ ಹೇಳಬ್ಯಾಡ. ಆತಗ ನನ್ನ ಮ್ಯಾಲ ಸಿಟ್ಟು ಬರ್ತದ" ಎಂದಳು. ಆಗಲಿ ಎಂದೆ. ಮೂರು ತಿಂಗಳಿಗೆ ಆಕೆ ತೀರಿಕೊಂಡ ಸುದ್ದಿ ಬಂತು.

ಆ ವಾರವೇ ಸಾಹುಕಾರ ಹೆಂಡತಿಯನ್ನು ಮಧ್ಯಾಹ್ನದ ಆಟಕ್ಕೆ ಕರೆತಂದ. ನಾನು ಆ ಹುಡುಗಿಯ ಪಕ್ಕ ಕೂತು, ದನಿ ಏರಿಸದೆ, ರುಕ್ಕಮ್ಮನ ಆ ಐದು ವರ್ಷದ ಕತೆಯನ್ನೆಲ್ಲ ಹೇಳಿದೆ. ಒಂದು ಮಾತೂ ಹೆಚ್ಚಿಗೆ ಸೇರಿಸಲಿಲ್ಲ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಆಟ ಬಿಟ್ಟಾಗ ಸಾಹುಕಾರ ಬಾಗಿಲಲ್ಲಿ ಬೆಳ್ಳಿ ಹಿಡಿಯ ಕೋಲೂರಿ ನಿಂತಿದ್ದ. ಹುಡುಗಿ ಕೇಳುವಂತೆಯೇ ಹೇಳಿದೆ: "ಸಾಹುಕಾರ್ರ, ರುಕ್ಕಮ್ಮ ತೀರಿಕೊಂಡಳ್ರೀ."

ಅವನ ಕೈಯಿಂದ ಕೋಲು ಜಾರಿ ಬಿತ್ತು.

"ಯಾವ ರುಕ್ಕಮ್ಮ?" ಎಂದ.

ಹುಡುಗಿ ಬಿದ್ದ ಕೋಲನ್ನು ನೋಡಿದಳು, ಅವನ ಮುಖ ನೋಡಿದಳು. ನನ್ನ ಕಡೆ ತಿರುಗಿ, "ಕಲ್ಮಲಕ್ಕ, ನನ್ನ ತವರಿಗೆ, ಒಂದು ಟಾಂಗಾ ಕರೀ ಯವ್ವಾ. ನಾ ಒಬ್ಬಾಕೀನ ಹೋಗ್ತೀನಿ" ಎಂದಳು.

ಓಡಿ ಹೋಗಿ ಕರೆದೆ.