ಕೈಗುಣ ಅಲ್ಲ, ತೆಂಗಿನ ನಾರು

ಅದು ೨೦೦೫ರ ಬೇಸಿಗೆ. ದೆಹಲಿಯ ಪೀತಮ್‌ಪುರದ ಬಾಡಿಗೆ ಮನೆಯಲ್ಲಿ ನಾನು ಮತ್ತು ನಾಲ್ಕನೇ ಕ್ಲಾಸಿನ ಮಗಳು ಮೇಘಾ, ಇಬ್ಬರೇ ಇದ್ದೆವು. ಯಜಮಾನರು ಹೃದಯಾಘಾತದಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಅವರಿದ್ದ ಸರ್ಕಾರಿ ಕಚೇರಿಯಲ್ಲೇ ಅನುಕಂಪದ ಆಧಾರದ ಮೇಲೆ ನನಗೊಂದು ಗುಮಾಸ್ತೆ ಕೆಲಸ ಸಿಕ್ಕಿತ್ತು. ಆ ವರ್ಷ ಇಲಾಖಾ ಪರೀಕ್ಷೆ ಪಾಸು ಮಾಡಿದೆ. ಇದು ಮಾತ್ರ ಯಾರ ಅನುಕಂಪವೂ ಅಲ್ಲ, ನಾನೇ ಓದಿ ಗಳಿಸಿದ್ದು! ಸಹೋದ್ಯೋಗಿಗಳೆಲ್ಲ ಸೇರಿ ನೇರಳೆ ಹೂವಿನ ಆರ್ಕಿಡ್ ಕುಂಡವೊಂದನ್ನು ಉಡುಗೊರೆ ಕೊಟ್ಟರು. ಅಲ್ಲಿಯವರೆಗೆ ನಾನು ಆರ್ಕಿಡ್ ಮುಟ್ಟಿದವಳೇ ಅಲ್ಲ.

ನಮ್ಮ ಕಡೆಯವರಿಗೆ ಗಿಡ ಅಂದರೆ ಮಣ್ಣು, ಗೊಬ್ಬರ, ನೀರು. ಆ ಕುಂಡದಲ್ಲಿ ಮಣ್ಣೇ ಇಲ್ಲದ್ದು ಕಂಡು, ಅಂಗಡಿಯವನು ಟೋಪಿ ಹಾಕಿದ್ದಾನೆ ಎಂದುಕೊಂಡೆ. ಮಣ್ಣು, ಸಗಣಿ ಗೊಬ್ಬರ ತುಂಬಿ ಗಟ್ಟಿಯಾಗಿ ಒತ್ತಿದೆ. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ತುಳಸಿಗೊಂದು ಚೊಂಬು ನೀರು, ಇದಕ್ಕೊಂದು ಚೊಂಬು. ತುಳಸಿ ನಳನಳಿಸಿತು. ಆರ್ಕಿಡ್ ಹೂವೆಲ್ಲ ಉದುರಿ, ಎಲೆ ಹಳದಿಯಾಗಿ ಜೋತುಬಿತ್ತು.

ಒಂದು ಭಾನುವಾರ ನೋಯ್ಡಾದಿಂದ ಅತ್ತಿಗೆ ಬಂದರು. ಯಜಮಾನರ ಅಕ್ಕ ಅವರು. ಬಾಲ್ಕನಿಗೆ ಇಣುಕಿದವರೇ, "ಏನೇ, ಇದೂ ಹೋಯ್ತಾ? ನಿನ್ನ ಕೈಗುಣಾನೇ ಅಷ್ಟು. ನಿನ್ನ ಕೈಗೆ ಬಂದದ್ದು ಯಾವುದು ಉಳಿದಿದೆ ಹೇಳು" ಎಂದರು. 'ಇದೂ' ಅಂದದ್ದು ಯಾಕೆಂದು ನನಗೆ ತಿಳಿಯದೇ? ಪಕ್ಕದಲ್ಲೇ ಇದ್ದ ತುಳಸಿ ಅವರ ಕಣ್ಣಿಗೆ ಬೀಳಲಿಲ್ಲ. ತಮ್ಮನನ್ನು ಕಳೆದುಕೊಂಡವರು ಎಂದುಕೊಂಡು ನಾನು ಚಹಾ ಇಡಲು ಒಳಗೆ ಹೋದೆ.

ಆದರೆ ಮೇಘಾ ಕೇಳಿಸಿಕೊಂಡಿದ್ದಳು. ಶಾಲೆಯ ಪ್ರಾಜೆಕ್ಟಿಗೆಂದು ಒದ್ದೆ ಹತ್ತಿಯಲ್ಲಿ ರಾಜ್ಮಾ ಕಾಳು ಮೊಳಕೆ ಬರಿಸುತ್ತಿದ್ದಳು. ಮಾರನೆಯ ದಿನ ಕಸ ಗುಡಿಸುವಾಗ ನಾನು ಆ ಬಟ್ಟಲು ಎತ್ತಿಡಲು ಹೋದರೆ ಓಡಿ ಬಂದು ಕಸಿದುಕೊಂಡಳು. "ಅಮ್ಮಾ, ನೀನು ಮತ್ ಛೂನಾ, ಪ್ಲೀಸ್. ನೀನು ಮುಟ್ಟಿದ್ರೆ ಮರ್ ಜಾಯೇಗಾ, ಸತ್ತುಹೋಗುತ್ತೆ."

ಊರವರು ಏನಾದರೂ ಅಂದುಕೊಳ್ಳಲಿ. ಆದರೆ ನನ್ನ ಮಗಳು ನನ್ನ ಕೈಗೆ ಹೆದರುವುದೇ? ಈ ಗಿಡ ಬದುಕಲೇಬೇಕು ಎಂದು ಹಟ ಹಿಡಿದೆ.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಪೇಮಾ ಸಿಕ್ಕಿಮ್‌ನವಳು. ನಾನು ಮಾಡಿದ್ದನ್ನು ಕೇಳಿ ತಲೆ ಚಚ್ಚಿಕೊಂಡಳು. "ಅರೇ, ನಮ್ಮೂರಲ್ಲಿ ಇದು ಮರದ ಮೇಲೆ ಕೂತಿರುತ್ತೆ. ಬೇರಿಗೆ ಗಾಳಿ ಬೇಕು. ನೀನು ಜೀವಂತ ಹೂತುಬಿಟ್ಟಿದ್ದೀಯ!" ಎಂದು ಹಿಂದಿಯಲ್ಲಿ ಬೈದು, ಆಮೇಲೆ ದಾರಿಯನ್ನೂ ಹೇಳಿಕೊಟ್ಟಳು.

ಅಂದು ಸಂಜೆ ಮಣ್ಣನ್ನೆಲ್ಲ ತೊಳೆದೆ. ಕೊಳೆತ ಬೇರು ಕತ್ತರಿಸಿ, ಕತ್ತರಿಸಿದಲ್ಲಿ ಅರಿಶಿನ ಹಚ್ಚಿದೆ. ಚಟ್ನಿಗೆಂದು ತಂದ ತೆಂಗಿನಕಾಯಿಗಳ ನಾರನ್ನು ನೆನೆಸಿ ತೊಳೆದು, ಇಸ್ತ್ರಿ ಭಯ್ಯಾನಿಂದ ತಂದ ಇದ್ದಿಲಿನ ಜೊತೆ ತೂತುಗಳಿರುವ ಕುಂಡಕ್ಕೆ ತುಂಬಿದೆ. ಹೊರಗೆ ಬಿಸಿಗಾಳಿ ಸುಡುತ್ತಿತ್ತು. ಹಾಗಾಗಿ ಕೂಲರ್ ಇರುವ ಕೋಣೆಯಲ್ಲಿ, ನೇರ ಗಾಳಿ ತಾಗದ ಮೂಲೆಯಲ್ಲಿ ಅದಕ್ಕೊಂದು ಸ್ಟೂಲ್ ಹಾಕಿದೆ. ನಾರು ಒಣಗಿದರೆ ಮಾತ್ರ ನೀರು. ಚೊಂಬು ಎತ್ತಿದ ಕೈಯನ್ನು ತಡೆಯುವುದೇ ದೊಡ್ಡ ಕಷ್ಟವಾಗಿತ್ತು! ಪ್ರತಿ ಕೆಲಸಕ್ಕೂ ಮೇಘಾಳನ್ನು ಎದುರಿಗೆ ಕೂರಿಸಿಕೊಂಡೆ. "ನೋಡು, ಬೇರು ಹಸಿರಿದ್ದರೆ ನೀರು ಬೇಡ, ಬೆಳ್ಳಗಾದರೆ ಬೇಕು" ಎಂದು ತೋರಿಸಿದೆ. ಮೊದಮೊದಲು ದೂರದಿಂದಲೇ ನೋಡುತ್ತಿದ್ದವಳು, ಮಳೆಗಾಲ ಬರುವ ಹೊತ್ತಿಗೆ ತಾನೇ ನಾರು ಒತ್ತಿ ನೋಡಿ "ಇವತ್ತು ಬೇಡಮ್ಮಾ" ಅನ್ನತೊಡಗಿದಳು.

ದೀಪಾವಳಿ ಕಳೆದು ಚಳಿ ಶುರುವಾದಾಗ ಎಲೆಯ ಬುಡದಿಂದ ಒಂದು ಕಡ್ಡಿ ಚಿಗುರಿತು. ಶಿವರಾತ್ರಿ ಹೊತ್ತಿಗೆ ಅದರ ತುಂಬ ನೇರಳೆ ಹೂವು.

ಅತ್ತಿಗೆ ಬಂದು ನೋಡಿ ಕಣ್ಣರಳಿಸಿದರು. "ಅಚ್ಛಾ! ಅಂತೂ ನಿನ್ನ ಕೈಗುಣ ಸುಧಾರಿಸ್ತು ನೋಡು." ಹೊಗಳಿಕೆಯ ಮಾತೇ. ನಕ್ಕು ಚಹಾ ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಮೇಘಾ ಅಲ್ಲೇ ನಿಂತಿದ್ದಳು.

"ಇಲ್ಲ ಅತ್ತಿಗೆ, ಕೈಗುಣ ಅಲ್ಲ" ಎಂದೆ. "ತೆಂಗಿನ ನಾರು, ಇದ್ದಿಲು, ಕೂಲರ್. ಹೂವು ಬಿಟ್ಟಿದ್ದು ನನ್ನ ಕೈಗುಣದಿಂದ ಅಂತ ಒಪ್ಪಿಕೊಂಡ್ರೆ, ನಿಮ್ಮ ತಮ್ಮ ಹೋಗಿದ್ದೂ ಅದರಿಂದಲೇ ಅಂತ ಒಪ್ಪಿಕೊಂಡ ಹಾಗಾಗುತ್ತೆ. ನಾನು ಎರಡನ್ನೂ ಒಪ್ಪಲ್ಲ."

ಅತ್ತಿಗೆಯ ಮುಖ ಕಪ್ಪಿಟ್ಟಿತು. ಚಹಾ ಕುಡಿಯದೇ ಹೊರಟುಹೋದರು. ಬಹಳ ದಿನ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ನನಗೇನೂ ಪಶ್ಚಾತ್ತಾಪವಾಗಲಿಲ್ಲ, ಇವತ್ತಿಗೂ ಇಲ್ಲ.

ಮುಂದಿನ ಚಳಿಗಾಲ ದೆಹಲಿಯಲ್ಲಿ ಮೈ ಕೊರೆಯುವ ಚಳಿ ಬಿತ್ತು. ಬೆಳಕಿಗೆಂದು ಕಿಟಕಿಯ ಪಕ್ಕಕ್ಕೆ ಸರಿಸಿದ್ದ ಆರ್ಕಿಡ್ ಎಲೆಗಳು ಒಂದು ಮುಂಜಾನೆ ಬೇಯಿಸಿದ ಸೊಪ್ಪಿನಂತೆ ಮೆತ್ತಗಾಗಿದ್ದವು. ಈ ಸಲ ಉಳಿಸಿಕೊಳ್ಳಲು ಆಗಲಿಲ್ಲ. ಸತ್ತ ಗಿಡವನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಮೇಘಾ ಏನನ್ನುತ್ತಾಳೋ ಎಂಬ ಭಯವಿತ್ತು.

ಅವಳು ಯೂನಿಫಾರ್ಮಿನ ಟೈ ಕಟ್ಟಿಕೊಳ್ಳುತ್ತಲೇ ಬಂದು ಎಲೆ ಮುಟ್ಟಿ ನೋಡಿದಳು. "ಠಂಡ್ ಲಗ್ ಗಯೀ ಇಸ್ಕೋ, ಚಳಿ ತಾಗಿದೆ ಅಮ್ಮಾ. ನೆಕ್ಸ್ಟ್ ಟೈಮ್ ಕಿಟಕಿ ಹತ್ರ ಇಡೋದು ಬೇಡ" ಎಂದು ಬಸ್ಸಿಗೆ ಓಡಿದಳು.

ಹೂವು ಬಿಟ್ಟ ದಿನ ನಾನು ಅತ್ತಿರಲಿಲ್ಲ. ಅಂದು ಕೂತು ಮನಸಾರೆ ಅತ್ತೆ, ಸಂತೋಷಕ್ಕೆ. ಗಿಡ ಸತ್ತದ್ದು ಚಳಿಗೆ, ನನ್ನ ಕೈಗಲ್ಲ ಎಂಬುದು ನನ್ನ ಮಗಳಿಗೆ ಗೊತ್ತಿತ್ತು.